ಬದಲಾವಣೆ ಇಲ್ಲ

"ಇದನ್ನ ಕನ್ನಡದಾಗ ಓದಿ ಹೇಳ್ರಿ. ನನಗ ಸಂಕಟ ಆಗತೈತಂತ ಏನೂ ಬಿಡಬ್ಯಾಡ್ರಿ" ಎಂದು ಚಂದ್ರವ್ವ ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಫ್ಯಾಕ್ಸ್ ಕಾಗದ ತೆಗೆದು ಅನಂತಮೂರ್ತಿಯವರ ಟೀಪಾಯಿಯ ಮೇಲಿಟ್ಟಳು. ಅವರ ಹೆಂಡತಿ ಶೋಭಾ ಮಾಡಿಟ್ಟು ಅಂಗಡಿಗೆ ಹೋಗಿದ್ದ ಚಹಾ ಆರುತ್ತಿತ್ತು.

ಮಾರ್ಚ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಆಕೆ ಲಂಡನ್ನಿನ ದಕ್ಷಿಣದ ಕ್ರೋಯ್ಡನ್‌ನಿಂದ ಟ್ರೇನು, ನೆಲದಡಿಯ ಟ್ಯೂಬು ಬದಲಿಸುತ್ತ ಉತ್ತರದ ತುದಿಯ ಸ್ಟ್ಯಾನ್ಮೋರ್‌ವರೆಗೆ ಬಂದಿದ್ದಳು. ಗಂಡ ಪರಪ್ಪ ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರಕ್ಕೆ ಸಾಮಾನು ಒಯ್ಯುವ ಹಡಗಿನಲ್ಲಿ ಅಡುಗೆಯವನಾಗಿದ್ದ. ಕಳೆದ ನವೆಂಬರಿನಲ್ಲಿ, ಮಂಜುಗಡ್ಡೆಯ ದಂಡೆಯಲ್ಲಿ ಸಾಮಾನು ಇಳಿಸುತ್ತಿದ್ದವರಿಗೆ ಬಿಸಿ ಊಟ ಕೊಟ್ಟು ಬರುತ್ತೇನೆಂದು ಸಣ್ಣ ದೋಣಿ ಹತ್ತಿದವನು ತಿರುಗಿ ಬರಲಿಲ್ಲ. ಗಾಳಿ ತಿರುಗಿತು, ತೇಲುಗಡ್ಡೆಗಳು ದಂಡೆಯತ್ತ ನುಗ್ಗಿ ಕೂಡಿಕೊಂಡವು, ದೋಣಿ ನಡುವೆ ಸಿಕ್ಕಿತು. ಹೆಣವೂ ಸಿಗಲಿಲ್ಲ. ಹಡಗಿನವರು ಕಳಿಸಿದ ಪೆಟ್ಟಿಗೆಯಲ್ಲಿ ಅವನದೊಂದು ಕೋಟಿತ್ತು, ಕೋಟಿನ ಜೇಬಿನಲ್ಲಿ ಈ ಕಾಗದ.

ಅನಂತಮೂರ್ತಿ ಎಂದರೆ ಲಂಡನ್ನಿನ ಕನ್ನಡಿಗರಿಗೆಲ್ಲ ಹವಾಮಾನದವರು. ಹಡಗುಗಳಿಗೆ ಮುನ್ಸೂಚನೆ ಬರೆದು ಕಳಿಸುವ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದರು. ಅವರು ಬಿಸಿಲು ಎಂದ ದಿನ ಕನ್ನಡ ಬಳಗದವರೆಲ್ಲ ಪಿಕ್‌ನಿಕ್ಕಿಗೆ ಕೊಡೆ ತರುತ್ತಿದ್ದರು. ಅದನ್ನು ಹೇಳಿಕೊಂಡು ಎಲ್ಲರಿಗಿಂತ ಮೊದಲು ನಗುತ್ತಿದ್ದವರೂ ಅವರೇ. ಈಗ ಕಾಗದ ಬಿಡಿಸಿದರು. ಮೇಲೆ ತಾರೀಖು, 14 ನವೆಂಬರ್ 1998. ಕೆಳಗೆ, ಬರೆದವರ ಗುರುತಿನ ಜಾಗದಲ್ಲಿ, ಎರಡು ಇಂಗ್ಲಿಷ್ ಅಕ್ಷರ. ಅವರದೇ ಹೆಸರಿನವು.

ಅವತ್ತು ಶನಿವಾರ, ಅವರ ಪಾಳಿ. ಸಂಜೆ ಕ್ರೋಯ್ಡನ್ ಹಾಲ್‌ನಲ್ಲಿ ರಾಜ್ಯೋತ್ಸವದ ನಾಟಕ, ಅವರದು ರಾಜನ ಪಾತ್ರ. ಶೋಭಾ ಎರಡು ಸಲ ಫೋನ್ ಮಾಡಿದ್ದಳು: "ಮೇಕಪ್ಪಿನವರು ಕಾಯ್ತಿದ್ದಾರೆ, ಇನ್ನೂ ಆಫೀಸಿನಲ್ಲೇ ಇದ್ದೀರಾ?" ಆ ದಂಡೆಯ ಹೊಸ ಅಂಕಿಅಂಶ ಬಂದು ಬಿದ್ದಿತ್ತು. ಅವರು ತೆರೆದು ನೋಡಲಿಲ್ಲ. ಶುಕ್ರವಾರದ ಮುನ್ಸೂಚನೆಗೇ ಶನಿವಾರದ ತಾರೀಖು ಹಾಕಿ ಕಳಿಸಿ, ವಿಕ್ಟೋರಿಯಾ ನಿಲ್ದಾಣದಿಂದ ಟ್ರೇನು ಹಿಡಿದರು. ಸೋಮವಾರ ಕಚೇರಿಯಲ್ಲಿ ಜೊತೆಯವರು, ಒಂದು ದೋಣಿ ಹೋಯಿತಂತೆ, ಒಬ್ಬ ಅಡುಗೆಯವನಂತೆ ಎಂದರು. ಅಂಟಾರ್ಕ್ಟಿಕಾದ ಹವಾ, ಯಾರೇನು ಮಾಡೋಕಾಗುತ್ತೆ ಎಂದೂ ಅಂದರು. ಅಡುಗೆಯವನ ಹೆಸರೇನೆಂದು ಅನಂತಮೂರ್ತಿ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

"ಓದ್ರಲ್ಲ, ಕೆಟ್ಟದ್ದ ಐತೇನು?" ಚಂದ್ರವ್ವ ಮುಂದಕ್ಕೆ ಬಾಗಿದಳು. "ದೀಪಾವಳಿಗೆ ಬರ್ತೀನಂದಾಂವ ಕೇಪ್‌ಟೌನ್‌ನಿಂದ ಫೋನ್ ಮಾಡಿ, ಇನ್ನೊಂದು ಸುತ್ತು ಹೋಗಿಬರ್ತೀನಿ ಅಂದಾನ್ರಿ. ನಾ ಸಿಟ್ಟಿನಾಗ, ಅಲ್ಲೇ ಸಾಯಿ ಅಂದು ಫೋನ್ ಇಟ್ಟಬಿಟ್ನಿ. ಅದ ಕಡೀ ಮಾತು. ಈಗ ಕಂಪನಿ ಪತ್ರದಾಗ, ಯಾರೂ ಕಳಿಸಲಿಲ್ಲ, ತಾನಾಗೇ ದೋಣಿ ಹತ್ತಿದ ಅಂತ ಐತಂತ. ಹವಾ ಕೆಟ್ಟೈತಂತ ಈ ಕಾಗದದಾಗ ಬರದಿದ್ರ, ಗೊತ್ತಿದ್ದೂ ಹೋದಂಗಾತಲ್ರಿ. ನನ್ನ ಮಾತಿಗೇ ಹೋದಂಗಾತು."

ಅನಂತಮೂರ್ತಿ ಕನ್ನಡಕ ಸರಿಮಾಡಿಕೊಂಡು ಓದಿದರು. "ನೆಲದ ಕಡೆಯಿಂದ ಸಮುದ್ರದ ಕಡೆಗೆ ಹಗುರ ಗಾಳಿ. ತೇಲುಗಡ್ಡೆ ದಂಡೆಯಿಂದ ದೂರ ಸರಿದಿದೆ. ಹತ್ತು ಮೈಲಿ ನಿಚ್ಚಳವಾಗಿ ಕಾಣುತ್ತದೆ. ಸಣ್ಣ ದೋಣಿ ಇಳಿಸಬಹುದು. ಮುಂದಿನ ಇಪ್ಪತ್ತನಾಲ್ಕು ಗಂಟೆ ಬದಲಾವಣೆ ಇಲ್ಲ."

"ಇನ್ನೊಮ್ಮೆ ಓದ್ರಿ."

ಓದಿದರು.

"ಅಂದ್ರ, ಹವಾ ಚಲೋ ಐತಂತ ತಿಳಕೊಂಡ ಹೋಗ್ಯಾನ?"

"ಹೌದಮ್ಮ. ಇದನ್ನ ನಂಬಿಕೊಂಡೇ ಹೋಗಿದ್ದಾರೆ."

ಶಿಕ್ಷೆ ತಪ್ಪಿದವರು ಅಳುವ ಹಾಗೆ ಚಂದ್ರವ್ವ ಅತ್ತಳು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕಾಗದದ ತುದಿಗೆ ಬೆರಳಿಟ್ಟಳು. "ಇವೆರಡು ಅಕ್ಷರ ಏನ್ರಿ, ಕೆಳಗ?"

ಏನು ಹೇಳಿದ್ದರೂ ಆಕೆ ನಂಬುತ್ತಿದ್ದಳು. ಹಡಗಿನ ಹೆಸರು ಎಂದಿದ್ದರೂ ನಡೆಯುತ್ತಿತ್ತು. ಆಕೆ ಹಗುರಾಗಿ ಮನೆಗೆ ಹೋಗುತ್ತಿದ್ದಳು, ಇವರು ಇನ್ನೊಂದು ಕಪ್ ಚಹಾ ಕುಡಿಯುತ್ತಿದ್ದರು. ಅನಂತಮೂರ್ತಿಗೆ ಆ ಆಸೆ ಬಂತು, ಬರಲಿಲ್ಲ ಎಂದರೆ ಸುಳ್ಳಾದೀತು.

"ಬರೆದವರ ಗುರುತು" ಎಂದರು. "ನನ್ನದು."

ಚಂದ್ರವ್ವ ಸೋಫಾದಿಂದ ಇಳಿದು ಅವರ ಎರಡೂ ಪಾದ ಹಿಡಿದು ಹಣೆ ಹಚ್ಚಿದಳು. "ನಿಮ್ಮ ಅಕ್ಷರ ನೋಡಿ ಧೈರ್ಯಾ ಮಾಡ್ಯಾನ್ರಿ ನಮ್ಮಾಂವ. ಇದನ್ನ ದೇವರ ಮುಂದ ಇಡ್ತೀನಿ. ನಿಮ್ಮ ಹೆಸರಿಗೆ ದೀಪಾ ಹಚ್ಚತೀನಿ."

"ಏಳಮ್ಮ, ದಯವಿಟ್ಟು ಏಳಿ. ಪೂರ್ತಿ ಕೇಳಿ." ಅವರಿಗೆ ಕಾಲು ಹಿಂದೆಳೆದುಕೊಳ್ಳಲೂ ಆಗಲಿಲ್ಲ. "ಅದು ಆ ದಿನದ ಹವಾಮಾನ ಅಲ್ಲ. ಹಿಂದಿನ ದಿನದ್ದು. ತಾರೀಖು ಮಾತ್ರ ಬದಲಿಸಿ ಕಳಿಸಿದೆ. ಗಾಳಿ ತಿರುಗುತ್ತೆ ಅಂತ ಹೊಸ ಅಂಕಿಯಲ್ಲಿ ಇತ್ತು, ಸೋಮವಾರ ನೋಡಿದೆ. ಅವತ್ತೇ ನೋಡಿದ್ದರೆ ದೋಣಿ ಇಳಿಸಬೇಡಿ ಅಂತ ಬರೀತಿದ್ದೆ. ಕ್ರೋಯ್ಡನ್‌ನಲ್ಲಿ ನಾಟಕ ಇತ್ತು, ಹೊತ್ತಾಗಿತ್ತು, ನೋಡಲಿಲ್ಲ."

ಚಂದ್ರವ್ವ ಏಳಲಿಲ್ಲ. ಆಕೆಯ ಕೈ ಅವರ ಪಾದದ ಮೇಲೆಯೇ ಇತ್ತು.

"ನಾನೂ ಬಂದಿದ್ನಿರಿ ಅವತ್ತ" ಎಂದಳು, ತಲೆ ಎತ್ತದೆ. "ಮುಂದಿನ ಸಾಲಿನಾಗ ಕುಂತು, ನಿಮಗ ಭಾಳೊತ್ತು ಚಪ್ಪಾಳಿ ಹೊಡದ್ನಿ."