ಮಲಗಿದ ಮರಳುಗಡಿಯಾರ

ಅಕ್ಷರವನ್ನು ನಾಲಗೆಯ ಮೇಲಿರಿಸಿ, ಅದನ್ನು ಆಡುವ ಧೈರ್ಯವನ್ನು ಎದೆಯೊಳಗೆ ಬಚ್ಚಿಟ್ಟ ವಾಗ್ದೇವತೆಗೆ ನಮಸ್ಕಾರ. ಅವಳು ಆಡಿಸಿದ ಒಂದು ಮಾತಿನ ಕಥೆಯಿದು. ಗುಣವಿದ್ದರೆ ಅವಳದು, ದೋಷವಿದ್ದರೆ ಹೇಳಿದವನದು.

"ಸಾಕು, ಕೆಳಗಿಳಿ!" ಎಂದು ಮುಖ್ಯೋಪಾಧ್ಯಾಯರು ಗುಡುಗಿದರು.

ಚರ್ಚಾಸ್ಪರ್ಧೆಯ ವೇದಿಕೆಯ ಮೇಲಿದ್ದ ಹುಡುಗಿ ಇಳಿಯಲಿಲ್ಲ. ಗೆಳತಿಯರು ಅವಳಿಗೆ ಬಾಯಿಬಡುಕಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. 'ಶಿಸ್ತೇ ಶಾಲೆಯ ಜೀವಾಳ' ಎಂಬ ವಿಷಯಕ್ಕೆ ವಿರೋಧವಾಗಿ ಮಾತನಾಡುವ ಸರದಿ ಅವಳದಾಗಿತ್ತು. ಉದಾಹರಣೆಗೆಂದು ಅವಳು ಎತ್ತಿಕೊಂಡದ್ದು ಇತಿಹಾಸದ ಪ್ರಸಂಗವನ್ನಲ್ಲ, ತನ್ನದೇ ಬೆಂಚಿನಲ್ಲಿ ತೆರವಾಗಿದ್ದ ಜಾಗವನ್ನು. ಅಲ್ಲಿ ಕೂರುತ್ತಿದ್ದ ಗುಬ್ಬಿ ಎಂಬ ಗೆಳತಿ, ವಾಚನಾಲಯದ ಬಾಗಿಲು ತನಿಖಾಧಿಕಾರಿಗಳು ಬಂದಾಗ ಮಾತ್ರ ಏಕೆ ತೆರೆಯುತ್ತದೆ ಎಂದು ತರಗತಿಯಲ್ಲಿ ಕೇಳಿದ್ದಳು. ಕ್ಷಮೆ ಕೇಳುವವರೆಗೆ ಶಾಲೆಯ ಹೊಸಿಲು ತುಳಿಯಕೂಡದೆಂದು ಮುಖ್ಯೋಪಾಧ್ಯಾಯರು ಅವಳನ್ನು ಮನೆಗೆ ಅಟ್ಟಿದ್ದರು. ಗುಬ್ಬಿ ಕ್ಷಮೆ ಕೇಳಲಿಲ್ಲ, ಬರಲೂ ಇಲ್ಲ.

"ಇನ್ನೂ ಮರಳು ಇದೆಯಲ್ಲ ಸಾರ್," ಎಂದಳು ಹುಡುಗಿ, ಮೇಜಿನ ಮೇಲಿದ್ದ ಮರಳುಗಡಿಯಾರದ ಕಡೆ ಬೆರಳು ತೋರಿಸಿ.

ಆ ಶಾಲೆಯ ಚರ್ಚೆಗಳಲ್ಲಿ ಗಂಟೆ ಬಾರಿಸುವ ಪದ್ಧತಿಯಿಲ್ಲ, ಮರಳುಗಡಿಯಾರವೇ ಪ್ರಮಾಣ. ಮರಳು ಪೂರ್ತಿ ಇಳಿಯುವ ತನಕ ಮಾತನಾಡುವವರನ್ನು ಯಾರೂ ತಡೆಯತಕ್ಕದ್ದಲ್ಲವೆಂಬ ನಿಯಮ ಸಭಾಂಗಣದ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿದೆ. ಹಿಂದೊಮ್ಮೆ ಅತಿಥಿಯೊಬ್ಬರು ಪುಟ್ಟ ಮಗುವಿನ ಭಾಷಣವನ್ನು ನಡುವೆಯೇ ಕತ್ತರಿಸಿದಾಗ ಮನನೊಂದು ಅದನ್ನು ಬರೆಸಿದವರು ಇದೇ ಮುಖ್ಯೋಪಾಧ್ಯಾಯರು.

"ನಾಲಗೆ ಬಹಳ ಉದ್ದ ಆಯ್ತು ನಿಂದು. ಗೆಳತಿ ಥರ ನೀನೂ ಮನೇಲಿ ಕೂರ್ಬೇಕಾ?" ಎಂದವರೇ ಅವರು, ಹೊತ್ತು ನೋಡಲು ಕುಳಿತಿದ್ದ ಗಣಿತದ ಮೇಷ್ಟ್ರ ಕಡೆ ತಿರುಗಿದರು. "ನಿಲ್ಸಿ ಅದನ್ನ!"

"ಮರಳನ್ನ ಹೇಗೆ ನಿಲ್ಲಿಸ್ಲಿ ಸಾರ್?"

"ಹೀಗೆ!" ಮುಖ್ಯೋಪಾಧ್ಯಾಯರು ಗಡಿಯಾರವನ್ನು ಎತ್ತಿ ಮೇಜಿನ ಮೇಲೆ ಅಡ್ಡಕ್ಕೆ ಮಲಗಿಸಿಬಿಟ್ಟರು. ಮರಳು ನಿಂತಿತು.

ಗಣಿತದ ಮೇಷ್ಟ್ರು ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಗಾಜಿನೊಳಗೆ ಇಣುಕಿದರು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದು ಅವರಿಗೆ ನೆನಪಿರಲಿಲ್ಲವೆಂದಲ್ಲ.

"ಒಂದು ತೊಂದ್ರೆ ಆಯ್ತಲ್ಲ ಸಾರ್."

"ಏನು?"

"ಮರಳು ಇಳಿಯೋ ತನಕ ಯಾರೂ ತಡೆಯೋ ಹಾಗಿಲ್ಲ. ನೀವು ಮಲಗಿಸಿಬಿಟ್ರಿ. ಇನ್ನು ಇದು ಇಳಿಯೋದೇ ಇಲ್ಲ. ಈ ಹುಡುಗಿ ಸಂಜೆವರೆಗೂ ಮಾತಾಡಿದ್ರೂ ನಾನು 'ಸಾಕಮ್ಮ' ಅನ್ನೋ ಹಾಗಿಲ್ಲ."

"ಅಯ್ಯೋ, ಇವಳು ಸಂಜೆಗೆ ಮುಗಿಸ್ತಾಳಾ?" ಎಂದು ಹಿಂದಿನ ಸಾಲಿನಿಂದ ಯಾರೋ ನರಳಿದರು. ಸಭಾಂಗಣ ಗೊಳ್ಳೆಂದು ನಕ್ಕಿತು.

ಮುಖ್ಯೋಪಾಧ್ಯಾಯರ ದೃಷ್ಟಿ ಗೋಡೆಯತ್ತ ಹೋಯಿತು. ಮುಖ ಕೆಂಡವಾಗಿತ್ತು. ಆದರೆ ತಾನೇ ಬರೆಸಿದ್ದನ್ನು ತಾನೇ ಅಳಿಸುವ ಜಾತಿಯ ಮನುಷ್ಯ ಅವರಲ್ಲ. ಧೊಪ್ಪನೆ ಕುರ್ಚಿಯಲ್ಲಿ ಕುಳಿತರು.

ಹುಡುಗಿ ಮೇಜಿನ ಬಳಿಗೆ ಬಂದು ಗಡಿಯಾರವನ್ನು ತಾನೇ ಮೊದಲಿನಂತೆ ನಿಲ್ಲಿಸಿದಳು. "ಅಷ್ಟೆಲ್ಲ ಬೇಡ ಸಾರ್, ಉಳಿದಿದ್ದು ಸಾಕು," ಎಂದು ಮಾತು ಮುಂದುವರಿಸಿದಳು. "ಗುಬ್ಬಿ ಈಗ ಅವರಮ್ಮನ ಟೈಲರಿಂಗ್ ಅಂಗಡೀಲಿ ಕೂತು ಗುಂಡಿ ಹೊಲೀತಾಳೆ. 'ನಂಗೆ ಕಥೆ ಪುಸ್ತಕ ಬೇಕಿತ್ತು ಕಣೇ, ಜಗಳ ಬೇಕಿರ್ಲಿಲ್ಲ' ಅಂದ್ಲು. ನೀವು ಹೇಳಿದ ಹಾಗೆ ಸಾಲಲ್ಲಿ ನಿಲ್ತೀವಿ, ಯೂನಿಫಾರ್ಮ್ ಹಾಕ್ತೀವಿ, ಹೊತ್ತಿಗೆ ಸರಿಯಾಗಿ ಬರ್ತೀವಿ. ಅದನ್ನ ಹೇಳೋಕೆ ನಿಮಗೆ ಅಧಿಕಾರ ಇದೆ. ಆದ್ರೆ 'ಯಾಕೆ' ಅಂತ ಕೇಳೋದನ್ನ ಗೇಟಿನ ಹೊರಗೆ ಬಿಟ್ಟು ಬರಬೇಕು ಅಂದ್ರೆ, ಓದೋಕೆ ಬರೋದಾದ್ರೂ ಯಾಕೆ ಸಾರ್?"

ಮರಳಿನ ಕೊನೆಯ ಕಣ ಉದುರಿತು. ಅವಳು ಕೈಮುಗಿದು ಕೆಳಗಿಳಿದಳು. ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಯಾರಿಗೂ ತಿಳಿಯಲಿಲ್ಲ.

ಮುಖ್ಯೋಪಾಧ್ಯಾಯರು ಎದ್ದು, ಅವಳು ನಿಂತಿದ್ದ ಜಾಗಕ್ಕೆ ನಡೆದರು. "ಮೇಷ್ಟ್ರೇ, ನನಗೂ ಒಂದು ಸಲ ತಿರುಗಿಸ್ತೀರಾ?"

ಮೇಷ್ಟ್ರು ತಿರುಗಿಸಿದರು. ಮುಖ್ಯೋಪಾಧ್ಯಾಯರು ಸುರಿಯುವ ಮರಳನ್ನೊಮ್ಮೆ ನೋಡಿದರು.

"ಇವಳ ಮೇಲೆ ಸಿಟ್ಟು ಇನ್ನೂ ಇದೆ," ಎಂದರು. "ಆದ್ರೆ ಕ್ಷಮೆ ಕೇಳಬೇಕಾದೋಳು ಗುಬ್ಬಿ ಅಲ್ಲ. ಸಂಜೆ ಆ ಅಂಗಡಿಗೆ ನಾನೇ ಹೋಗ್ತೀನಿ. ವಾಚನಾಲಯದ ಬೀಗ ಇವತ್ತೇ ತೆಗೀತೀವಿ." ಆಮೇಲೆ ಹುಡುಗಿಯತ್ತ ತಿರುಗಿ, ಎಲ್ಲರೆದುರು ಕೈಮುಗಿದರು. "ನೀನು ಹೆದರಿ ಕೆಳಗಿಳಿದಿದ್ರೆ ಈ ಮಾತು ನನ್ನ ಕಿವಿಗೆ ಬೀಳ್ತಾನೇ ಇರ್ಲಿಲ್ಲ. ದೊಡ್ಡ ಉಪಕಾರ ಆಯ್ತು ತಾಯಿ."

ಬಾಯಿಬಡುಕಿ ಕಣ್ಣೊರೆಸಿಕೊಂಡು ಗಣಿತದ ಮೇಷ್ಟ್ರ ಕಡೆ ನೋಡಿದಳು; ಅವರೂ ಕನ್ನಡಕ ಒರೆಸುತ್ತಿದ್ದರು.

"ನಿಮ್ಮ ಹೊತ್ತು ಅರ್ಧ ಹಾಗೇ ಇದೆ ಸಾರ್," ಎಂದರು ಮೇಷ್ಟ್ರು.

"ಯಾರಿಗೆ ಬೇಕೋ ಅವರು ಮಾತಾಡ್ಲಿ."

ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ಕಾಲು ನೆಲಕ್ಕೆ ಎಟುಕದೆ ಕುಳಿತಿದ್ದ ಒಂದನೆಯ ತರಗತಿಯ ಪುಟಾಣಿಯೊಬ್ಬಳು ಕೈಯನ್ನು ಅರ್ಧ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಸಾರ್, ಆ ಅಕ್ಕಂಗೆ ಥ್ಯಾಂಕ್ಸ್ ಹೇಳೋಕೂ ಕೈ ಎತ್ತಬೇಕಾ?"

ಆಡುವ ನಾಲಗೆಗೆ ಸತ್ಯವನ್ನೂ, ಆಳುವ ಕೈಗೆ ಮಿತಿಯನ್ನೂ, ಕೇಳುವ ಕಿವಿಗೆ ತಾಳ್ಮೆಯನ್ನೂ ಆ ವಾಗ್ದೇವತೆ ಕರುಣಿಸಲಿ. ಈ ಕಥೆಗೆ ಕಿವಿಗೊಟ್ಟ ಸಕಲರಿಗೂ, ಅವರ ಮನೆಯ ಮಕ್ಕಳಿಗೂ ಮಂಗಳವಾಗಲಿ.