ಗೊತ್ತುಂಟಲ್ಲ

ಬಿ.ಸಿ.ರೋಡಿನ ಇಸ್ತ್ರಿ ಅಂಗಡಿಯ ತೆಂಗಿನ ಗೆರಟೆಯ ಕೆಂಡದ ವಾಸನೆ ಬಂದರೆ ಸಾಕು, ನಾನು ಲಾಯಿಲದ ನಮ್ಮ ಮನೆಯಲ್ಲಿರುತ್ತೇನೆ.

ಇಗರ್ಜಿಯ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕುವುದು ಅಜ್ಜಿಯ ಸೇವೆ. ನನ್ನ ಬಾಲ್ಯದ ಒಂದು ಮಧ್ಯಾಹ್ನ ಮೇಜಿನ ಮೇಲೆ ಫಾದರರ ಕೆಂಪು ಪೂಜಾವಸ್ತ್ರವಿತ್ತು.

“ಕೆಂಪು ಯಾಕೆ?” ಎಂದೆ.

“ನಾಳೆ ರಕ್ತಸಾಕ್ಷಿಯ ಹಬ್ಬ ಉಂಟು ಮಗಾ. ಸಾಕ್ಷಿ ಹೇಳಿದ್ದಕ್ಕೆ ಅವರನ್ನು ಕೊಂದರು. ಯೇಸು ಯಾರಂತ ಗೊತ್ತಿಲ್ಲ ಅಂದಿದ್ದರೆ ಬಿಡ್ತಿದ್ದರು.”

ಅಷ್ಟರಲ್ಲಿ ಅಜ್ಜಿಯ ತಮ್ಮ ಬಂದರು. ಅವರಿಗೂ ಅವರ ನೆರೆಮನೆಯ ಐಸಮ್ಮನಿಗೂ ಬಾವಿ ಯಾರದ್ದೆಂಬ ವ್ಯಾಜ್ಯವಿತ್ತು.

“ಅಕ್ಕ, ಸೋಮವಾರ ಕೋರ್ಟಿನಲ್ಲಿ ಬಾವಿ ತೋಡಿಸಿದ್ದು ಯಾರಂತ ನಿನ್ನನ್ನು ಕೇಳ್ತಾರೆ. ಗೊತ್ತಿಲ್ಲ ಅಂತ ಹೇಳು, ಸಾಕು.”

ಅಜ್ಜಿ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರು. ಚುಂಯ್ ಎಂದು ಹಬೆ ಎದ್ದಿತು.

“ಐಸಮ್ಮನ ಅಪ್ಪ ತೋಡಿಸಿದ್ದು. ನನಗೆ ಗೊತ್ತುಂಟಲ್ಲ.”

“ಹಾಗಾದರೆ ನಾನು ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ.”

“ಚಾ ಕುಡಿದು ಹೋಗು,” ಎಂದರು ಅಜ್ಜಿ. ತಮ್ಮ ಕುಡಿಯದೆ ಹೋದರು.

ಸೋಮವಾರ ಅಜ್ಜಿ ಬೆಳ್ತಂಗಡಿಯ ಕೋರ್ಟಿಗೆ ಹೋಗಿ, ಇದ್ದದ್ದನ್ನು ಹೇಳಿ ಬಂದರು.

ಆ ಕ್ರಿಸ್‌ಮಸ್‌ಗೆ ಅಜ್ಜಿಯ ತಮ್ಮನ ಮನೆಯಿಂದ ಪ್ರತಿ ವರ್ಷದ ತಿಂಡಿಯ ತಟ್ಟೆ ಬರಲಿಲ್ಲ. ನಮ್ಮ ತಟ್ಟೆಯನ್ನು ಅಜ್ಜಿ ಎಂದಿನಂತೆ ತುಂಬಿಸಿ ನನ್ನ ಕೈಯಲ್ಲಿ ಅವರ ಮನೆಗೆ ಕಳಿಸಿದರು. ದಾರಿಯಲ್ಲಿ ಬಟ್ಟೆ ಸರಿಸಿ ನೋಡಿದೆ. ತಮ್ಮನಿಗೆ ಇಷ್ಟದ ಕರ್ಜಿಕಾಯಿ, ನಮ್ಮ ನೆವ್ರಿ, ಆ ವರ್ಷ ಎರಡು ಹೆಚ್ಚಿತ್ತು.