ತುಂಬಿದ ಕೋವಿ

ಭತ್ತ ಹಾಲುಗಟ್ಟುವ ಕಾಲ. ಗದ್ದೆಗೆ ನುಗ್ಗುವ ಕಾಡುಹಂದಿ ಕಾಯಲು ಕೋವಿ ಬೇಕಾದವರೆಲ್ಲ ಗದ್ದೆ ಕೆಲಸ ಬಿಟ್ಟು ಕೋವಿ ಹಿಡಿಯುವ ಪಾಠಕ್ಕೆ ಕೂತಿದ್ದರು. ಪಾಠ ಕಲಿಯದವರಿಗೆ ಲೈಸೆನ್ಸ್ ಕೊಡಬಾರದೆಂದು ಹಟ ಹಿಡಿದು ಓಡಾಡಿದವನು ಹೂವೇಗೌಡ, ಕಲಿಸುವವನೂ ಅವನೇ.

"ಹುಟ್ಟಿದಾಗಿಂದ ಕೋವಿ ನೋಡಿದೀವಿ. ನಮಗೆಂಥ ಪಾಠ ಗೌಡ್ರೆ?" ಎಂದು ಒಬ್ಬ ನಕ್ಕ.

"ಲಕ್ಕೇಗೌಡನೂ ಹಂಗೇ ಅಂತಿದ್ದ. ಹೋದ ವರ್ಷ ಹಂದಿ ಕಾಯಕ್ಕೆ ನಾವಿಬ್ಬರೇ ಹೋಗಿದ್ವಿ. ತೋಟಾ ತುಂಬಿದ ಕೋವಿ ಹಿಡ್ಕಂಡು ಬೇಲಿ ಹಾರಿದ. ಗುಂಡು ಹಾರಿ ಅವನ ಕೋವಿನೇ ಅವನ್ನ ತಿಂತು."

ಪ್ರತಿ ಪಾಠದಲ್ಲೂ ಹೇಳುತ್ತಿದ್ದ ಈ ಮಾತನ್ನು ಇಂದು ಬೇಗಬೇಗ ಹೇಳಿ ಮುಗಿಸಿದ. ಗಂಡನ ಕೋವಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬಂದ ಲಕ್ಕೇಗೌಡನ ಹೆಂಡತಿ ದ್ಯಾವಮ್ಮ ಎದುರಿಗೇ ಕೂತಿದ್ದಳು. ಹೂವೇಗೌಡ ಅವಳ ಮುಖ ನೋಡಲಿಲ್ಲ.

"ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?"

ದ್ಯಾವಮ್ಮ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ಹೊಗೆ ಹಿಡಿದು ಕಪ್ಪಾದ ತೋಟಾಗಳನ್ನು ಅವನ ಮುಂದಿಟ್ಟಳು.

"ಕೇಳೋದೇನಿಲ್ಲ ಅಣ್ಣಯ್ಯ. ಥಂಡಿ ಹಿಡೀತವೆ ಅಂತ ಇದ್ದ ತೋಟಾನೆಲ್ಲ ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ದೆ. ಅವತ್ತು ನಮ್ಮೋರು ಇವನ್ನ ಮರೆತು, ಖಾಲಿ ಕೋವಿ ಹೊತ್ಕಂಡೇ ನಿಮ್ಮ ಜೊತೆ ಬಂದಿದ್ರು."